ಬೆಕ್ಕಿಗೆ ಹಸಿರು ಚುಕ್ಕೆ

ನಮ್ಮ ಮನೆಯಲ್ಲಿ ಇಲಿಗೆ ಪಾಷಾಣ ಇಡಬಹುದು, ಬೆಕ್ಕಿಗೆ ಮಾಂಸ ಹಾಕುವಂತಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಈ ನ್ಯಾಯ ನನಗೆ ಅರ್ಥವಾಗಿಲ್ಲ. ಮೂಡಿಗೆರೆ ಪೇಟೆಯಲ್ಲಿ ಕೆಳಗೆ ಕಾಳುಮೆಣಸು, ಏಲಕ್ಕಿಯ ಅಂಗಡಿ, ಮೇಲೆ ಮನೆ. ಅತ್ತೆ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟುವವರಲ್ಲ. ಗೋದಾಮಿನ ಪಾಷಾಣಕ್ಕೆ ಹೆದರಿ ನನ್ನ ಬೆಕ್ಕನ್ನು ನಾನು ಕೆಳಗೆ ಬಿಡುತ್ತಿರಲಿಲ್ಲ. ಹಾಲನ್ನವೇ ಅದರ ಊಟ.

ಅದು ಬಾಗಿಲಿಗೆ, ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯತೊಡಗಿದಾಗ ಪಶುವೈದ್ಯರಿಗೆ ತೋರಿಸಿದೆ. ಅವರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

"ಬೆಕ್ಕಿಗೆ ಟಾರಿನ್ ಅಂತ ಒಂದು ಬೇಕಮ್ಮ, ಅದು ಮಾಂಸದಲ್ಲಿ ಇರೋದು. ಸಿಗದಿದ್ರೆ ಕಣ್ಣು ಹೋಗುತ್ತೆ. ಈಗ್ಲೇ ಶುರು ಮಾಡಿದ್ರೆ ಉಳಿದಿದ್ದಾದ್ರೂ ಉಳಿಯುತ್ತೆ."

ಚಿಕ್ಕಮಗಳೂರಿನ ನಾಯಿ-ಬೆಕ್ಕುಗಳ ಆಹಾರದ ಅಂಗಡಿಯಲ್ಲಿ ಕನ್ನಡಕ ಏರಿಸಿ ಪ್ಯಾಕೆಟ್ಟುಗಳ ಬೆನ್ನು ಓದುತ್ತಾ ನಿಂತೆ. ಹೆಚ್ಚು ಇರುವುದನ್ನು ಮೊದಲು ಬರೆಯುತ್ತಾರಂತೆ, ಅಂಗಡಿಯವರು ಹೇಳಿದರು. ಒಂದರ ಮುಂದೆ ಇಷ್ಟು ದೊಡ್ಡ ಮೀನಿನ ಚಿತ್ರ. ಹಿಂದೆ ನೋಡಿದರೆ ಮೊದಲು ಮೆಕ್ಕೆಜೋಳ, ಆಮೇಲೆ ಗೋಧಿ, ಮೀನು ಎಲ್ಲೋ ಬಾಲದಲ್ಲಿ. ಇನ್ನೊಂದು ಪ್ರೋಟೀನ್ ಜಾಸ್ತಿ ಎಂದು ಜಂಬ ಕೊಚ್ಚುತ್ತಿತ್ತು, ಆದರೆ ಅದು ಬಹುಪಾಲು ಸೋಯಾದ್ದು. ಮೂರನೆಯದರಲ್ಲಿ ಮೊದಲೇ ಕೋಳಿಮಾಂಸ, ಕೋಳಿಯ ಲಿವರ್. ಟಾರಿನ್ ಎಂದು ಬೇರೆಯಾಗಿಯೇ ಬರೆದಿತ್ತು. ಅದನ್ನೇ ತಂದೆ.

ಕೋಳಿಯ ಚಿತ್ರ ಕಂಡದ್ದೇ ತಡ, ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಪ್ಯಾಕೆಟ್ಟನ್ನು ಇನ್ನೂ ಒಡೆದೇ ಇರಲಿಲ್ಲ! ಮೆಟ್ಟಿಲ ಕೆಳಗೆ ಇಡುತ್ತೇನೆ, ತಟ್ಟೆ ನಾನೇ ತೊಳೆಯುತ್ತೇನೆ ಎಂದು ಗೋಗರೆದೆ. ಗಂಡ ಅದನ್ನು ತೆಗೆದುಕೊಂಡು ಹೋಗಿ, ಸಂಜೆ ಹಸಿರು ಚುಕ್ಕೆ ಇದ್ದ ಬೇರೆ ಪ್ಯಾಕೆಟ್ ತಂದರು. ಓದಿದೆ. ಅಕ್ಕಿ, ಸೋಯಾ, ಕ್ಯಾರೆಟ್. ಟಾರಿನ್ನಿನ ಸುದ್ದಿಯೇ ಇಲ್ಲ.

"ಇದು ನಾಯಿದು ರೀ."

"ನಾಯಿ ಆದ್ರೇನು, ಬೆಕ್ಕಾದ್ರೇನು? ಅಮ್ಮಂಗೂ ಸಮಾಧಾನ, ಅದಕ್ಕೂ ಹೊಟ್ಟೆ ತುಂಬುತ್ತೆ. ಸುಮ್ನಿರು ಮಾರಾಯ್ತಿ."

ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಮ್ಮೆ ಕದ್ದು ಒಣಮೀನು ಹಾಕಿದ್ದಕ್ಕೆ ಅತ್ತೆ ಊಟ ಬಿಟ್ಟು ಕೂತರು. ಮತ್ತೆ ಹಾಕಲು ನನಗೆ ಧೈರ್ಯ ಬರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಬೆಕ್ಕಿನ ಕಣ್ಣು ಪೂರಾ ಹೋಯಿತು.

ಒಂದು ಭಾನುವಾರ ಗಂಡ ಕಳಸದ ಕಡೆಯ ಗೆಳೆಯರೊಬ್ಬರ ಎಸ್ಟೇಟಿಗೆ ಹೋಗಿ ಬಂದರು. ಅಲ್ಲಿ ಅವರು ಏನು ತಿನ್ನುತ್ತಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅತ್ತೆಗೂ. ಬಂದವರು ಸ್ನಾನ ಮಾಡಿ ಒಳಗೆ ಬರಬೇಕು, ಅಷ್ಟೇ ಕಟ್ಟಳೆ. ನೀರು ಕಾಯುವವರೆಗೆ ಅವರು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ತನ್ನ ತಟ್ಟೆಯನ್ನೇ ಹುಡುಕಲಾರದ ಬೆಕ್ಕು ಎಲ್ಲೂ ಎಡವದೆ ನೇರ ಅವರ ಬಳಿಗೆ ನಡೆಯಿತು. ಮಡಿಲಿಗೆ ಮುಂಗಾಲು ಊರಿ, ಅವರ ಬಲಗೈ ನೆಕ್ಕತೊಡಗಿತು. ಒಂದೊಂದೇ ಬೆರಳು, ಉಗುರಿನ ಸಂದಿಯನ್ನೂ ಬಿಡದೆ.

ಗಂಡ ಕೈ ಎಳೆದುಕೊಳ್ಳಲಿಲ್ಲ, ನನ್ನ ಮುಖ ನೋಡಲೂ ಇಲ್ಲ. ಅತ್ತೆ ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದರು.

"ಹಸ್ಕೊಂಡಿದೆ ಕಣೇ, ಪಾಪ," ಎಂದರು. "ಏನಾದ್ರೂ ಹಾಕು."