ಹಿಂದಿನ ಸೀಟಿನ ಕೆಳಗಿನ ಗುಂಯ್

ಕಾರಿನ ಪಂಪನ್ನು ಸುಟ್ಟಿದ್ದು ನನ್ನ ಇಬ್ಬರು ಗಂಡುಮಕ್ಕಳ ಹೊಟ್ಟೆಕಿಚ್ಚು. ದೃಷ್ಟಿ, ಗ್ರಹಚಾರ, ಸಂಡೂರಿನ ಧೂಳು ಎಂದೆಲ್ಲ ಅವರು ಊರಿಗೆ ಹೇಳಿಕೊಂಡು ಬಂದರು. ಅದು ಯಾವುದೂ ಅಲ್ಲ.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಮಕ್ಕಳು ಇಬ್ಬರು, ಕಾರು ಒಂದು. ಒಂದು ದಿನ ದೊಡ್ಡವನು ಈರಣ್ಣ ಓಡಿಸಿದರೆ, ಮರುದಿನ ಚಿಕ್ಕವನು ಹುಲುಗಪ್ಪ. ಹಂಪಿ ನೋಡಲು ಬಂದವರೇ ಇಬ್ಬರಿಗೂ ಬಾಡಿಗೆ. ತನ್ನ ಪಾಳಿಗೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸುವುದು, ಸಂಜೆಗೆ ಟ್ಯಾಂಕನ್ನು ನೆಕ್ಕಿದ ತಟ್ಟೆಯ ಹಾಗೆ ಒಪ್ಪಿಸುವುದು. ತಾನು ಹಾಕಿಸಿದ್ದರಲ್ಲಿ ಒಡಹುಟ್ಟಿದವನು ಒಂದು ಫರ್ಲಾಂಗ್ ಹೋದರೂ ಇವರಿಗೆ ಅನ್ನ ಇಳಿಯದು. ಪೆಟ್ರೋಲ್ ಮುಗಿಯಿತೆಂದು ಹೇಳುವ ಹಳದಿ ದೀಪ ನಮ್ಮ ಕಾರಿನಲ್ಲಿ ನಂದಾದೀಪ.

ಮಳೆಗಾಲದಿಂದ ಹಿಂದಿನ ಸೀಟಿನ ಕೆಳಗೆ ಗುಂಯ್ ಎನ್ನುವ ಸದ್ದು ಶುರುವಾಯಿತು. ನನ್ನ ಕಿವಿಯದೇ ಇರಬೇಕೆಂದು ಎರಡು ವಾರ ಬಿಸಿ ಎಣ್ಣೆ ಬಿಟ್ಟುಕೊಂಡೆ. ಹುಲುಗಪ್ಪ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಈರಣ್ಣ ಹಾಡಿನ ದನಿ ಏರಿಸಿದ. ಕೇಳಿಸದಿದ್ದರೆ ರೋಗ ವಾಸಿ ಎನ್ನುವ ವೈದ್ಯವಿದ್ಯೆ ಅವನಿಗೆ ಅವರಪ್ಪನಿಂದ ಬಂದದ್ದು.

ಹೀಗಿರುವಾಗ ಈರಣ್ಣನ ಮಗಳು ರೇಣುಕಾಳಿಗೆ ಸಂಡೂರಿನ ಕಡೆಯ ಯಶವಂತನಗರದ ಗಣಿ ಆಫೀಸಿನಿಂದ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಎರಡು ವರ್ಷ ಕಾದ ಕರೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಅವಳು ಬಸ್ಸಿಗೆ ಹೋಗುತ್ತೇನೆ ಎಂದಳು.

"ಮನ್ಯಾಗ ಕಾರ ಇಟಗೊಂಡು ಬಸ್ಸ್ಯಾಕ?" ಎಂದ ಈರಣ್ಣ. ಅವತ್ತು ಪಾಳಿ ಅವನದು. ನಾನೂ ಹಿಂದೆ ಕುಳಿತೆ.

ಸಂಡೂರಿನ ಏರು ಹತ್ತುವಾಗ ನನ್ನ ಕೆಳಗಿನ ಗುಂಯ್ ಕೀರಲಾಯಿತು. ಆಮೇಲೆ ನಿಂತಿತು. ಕಾರೂ ನಿಂತಿತು.

"ಎಷ್ಟ ಹಾಕ್ಸೀಯಲೇ ಪೆಟ್ರೋಲು?" ಎಂದೆ.

"ಹೋಗಿ ಬರೋವಷ್ಟು ಹಾಕ್ಸೀನಿ ಬೇ. ನಾಳಿ ಪಾಳಿ ಅವಂದು."

ರೇಣುಕಾ ಕೈ ಅಡ್ಡ ಹಿಡಿದು ಗಣಿ ಕೆಲಸದವರ ಬಸ್ಸು ಹತ್ತಿದಳು. ಮುಟ್ಟಿದಾಗ ಹನ್ನೊಂದೂವರೆ. ನಾಳೆ ಹತ್ತಕ್ಕೆ ಬಾ, ಅದೇ ಕೊನೆ ಎಂದರಂತೆ ಸಾಹೇಬರು.

ಕಾರನ್ನು ಎಳೆಸಿಕೊಂಡು ಬಂದೆವು. ಮೆಕ್ಯಾನಿಕ್ ಮಾಬುಸಾಬ ಹಿಂದಿನ ಸೀಟು ಎತ್ತಿ, ಟ್ಯಾಂಕಿನೊಳಗಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪನ್ನು ಹೊರತೆಗೆದ.

"ಅಮ್ಮಾ, ಇದು ಎಮ್ಮಿ ಇದ್ದಂಗ. ಪೆಟ್ರೋಲ್‌ನಾಗ ಮುಳುಗಿದ್ರ ತಣ್ಣಗಿರ್ತೈತಿ. ತಳಕ್ಕ ಬಂತಂದ್ರ ಗಾಳಿ ಕುಡಿತೈತಿ, ಕಾಯ್ತೈತಿ, ಒದರ್ತೈತಿ. ನಿಮ್ಮ ಮಕ್ಳು ಅದರ ಹೊಂಡಾನ ಬತ್ತಿಸ್ಯಾರ."

ಬೈಯಲು ಬಾಯಿ ತೆರೆದೆ. ನಾವು ಮೊದಲಿದ್ದ ಎಮ್ಮಿಗನೂರು ನೆನಪಾಗಿ ಮುಚ್ಚಿದೆ. ಅಲ್ಲಿ ನಮ್ಮ ಗದ್ದೆಗೆ ಕಾಲುವೆ ನೀರು ಪಾಳಿಯ ಮೇಲೆ ಬರುತ್ತಿತ್ತು. ನನ್ನ ಪಾಳಿ ಮುಗಿದು ನೆಗೆಣ್ಣಿಯದು ಶುರುವಾಗುವ ಮುಂಚೆ, ತಗ್ಗಿನಲ್ಲಿ ನಿಂತ ನೀರನ್ನೂ ಕೊಡದಲ್ಲಿ ಗೋರಿ ನನ್ನ ಗದ್ದೆಗೆ ಸುರಿಯುತ್ತಿದ್ದೆ. ಈ ಇಬ್ಬರೂ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ನಾನು ಕಲಿಸಿದ್ದನ್ನು ಮಾತ್ರ ಯಾರೂ ಮರೆತಿಲ್ಲ.

"ಈಗೇನ ಮಾಡೋದು ಬೇ?" ಎಂದ ಹುಲುಗಪ್ಪ.

"ಪಂಪ್ ಕುಂದ್ರಸ್ಲಿ ತಡಿ," ಎಂದೆ.

ಸಂಜೆಯೊಳಗೆ ಹೊಸ ಪಂಪು ಕುಳಿತಿತು. ಮರುದಿನ ಬೆಳಿಗ್ಗೆ ಆರಕ್ಕೆ ಇಬ್ಬರನ್ನೂ ಎಬ್ಬಿಸಿ ಬಂಕಿಗೆ ಕರೆದೊಯ್ದು, ಬಾಯಿತನಕ ಟ್ಯಾಂಕ್ ತುಂಬಿಸಿದೆ. ಬರುವಾಗ ಸೀಟಿನ ಕೆಳಗೆ ಸದ್ದೇ ಇಲ್ಲ. ಮನೆ ಮುಂದೆ ಇಳಿದ ಕೂಡಲೇ ಈರಣ್ಣ, "ನನ್ನ ಮಗಳನ್ನ ನಾನ ಬಿಟ್ಟು ಬರ್ತೀನಿ" ಎಂದ. "ಇವತ್ತ ಪಾಳಿ ನಂದು" ಎಂದ ಹುಲುಗಪ್ಪ. ಅವರಿನ್ನೂ ಕೀಲಿ ಜಗ್ಗಾಡುತ್ತಿದ್ದಾಗ, ನಾನು ರೇಣುಕಾಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಸಂಡೂರಿನ ಏಳರ ಬಸ್ಸಿಗೆ ಹತ್ತಿಸಿದೆ.