ಭಾವನಿಗೆ ಮುಖ ನೆನಪಿರುವುದಿಲ್ಲ

ನಮ್ಮ ಭಾವ ಮಕ್ಕಳ ಹೃದಯದ ಐಸಿಯುವಿನಲ್ಲಿ ಡಾಕ್ಟರು, ಸಾಲದ್ದಕ್ಕೆ ಸಂಶೋಧಕರು. ಅವರ ಜೊತೆ ಹೊರಗೆ ಹೊರಡುವುದೆಂದರೆ ನನಗೆ ತಲೆನೋವು. ಬಸ್ಸಿರಲಿ, ಬ್ಯಾಂಕಿರಲಿ, ಎಳೆಮಗು ಕಂಡರೆ ಮುಖ ನೋಡುವುದಿಲ್ಲ, ಮುದ್ದಿಸುವುದಿಲ್ಲ, ನೇರವಾಗಿ ಪಾದಕ್ಕೆ ಕೈ ಹಾಕುತ್ತಾರೆ. ತಾಯಂದಿರು ಬೆಚ್ಚಿಬೀಳುತ್ತಾರೆ. "ರೀ, ಕಂಡೋರ ಮಕ್ಕಳ ಕಾಲು ನಿಮಗ್ಯಾಕೆ?" ಎಂದು ಅಕ್ಕ ಗದರಿದರೆ, "ಪಾದ ತಣ್ಣಗಾಯ್ತು ಅಂದ್ರೆ ಹೃದಯ ಸೋಲ್ತಿದೆ ಅಂತ ಕಣೇ," ಎಂದು ಅಲ್ಲೇ ಪಾಠ ಶುರು. ಅದನ್ನೇ ಅಳೆಯುವ ಯಂತ್ರಕ್ಕಾಗಿ ಆಯುಷ್ಯ ಸವೆಸಿ ರಾಶಿ ಪ್ರಬಂಧ ಬರೆದಿದ್ದಾರೆ. ಆದರೂ ಕೈ ಸುಮ್ಮನಿರುವುದಿಲ್ಲ. "ಯಂತ್ರ ಇದೆಯಲ್ಲ ಭಾವ?" ಎಂದರೆ, "ಯಂತ್ರ ಸರಿಯಾಗಿದೆ ಅಂತ ಹೇಳೋರು ಯಾರಪ್ಪ?" ಎಂದು ನನ್ನನ್ನೇ ದಬಾಯಿಸುತ್ತಾರೆ. ಮುಖಗಳಂತೂ ಒಂದೂ ನೆನಪಿರುವುದಿಲ್ಲ. ಮೊನ್ನೆ ಒಬ್ಬ ತಾಯಿ ಶಾಲೆಗೆ ಹೋಗುವ ಮಗಳನ್ನು ಮನೆಗೇ ಕರೆತಂದರು. "ಹುಟ್ಟಿದ ವಾರವೇ ನಿಮ್ಮ ಐಸಿಯುಲಿ ಇದ್ದಳು ಸಾರ್" ಎಂದರೆ ಇವರು ಹುಡುಗಿಯನ್ನು ಪಿಳಿಪಿಳಿ ನೋಡಿದರು. ಗುರುತು ಸಿಗುವುದಾದರೂ ಹೇಗೆ? ಆಗ ಮುಖದ ತುಂಬ ಟೇಪು, ಟ್ಯೂಬು. ಕೊನೆಗೆ ಕೈ ಮೆಲ್ಲಗೆ ಕೆಳಗೆ ಹೊರಟಿತು. "ರೀ!" ಎಂದಳು ಅಕ್ಕ. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಆದರೆ ಆ ತಾಯಿ ತಾವೇ ಬಗ್ಗಿ ಮಗಳ ಸಾಕ್ಸ್ ಕಳಚಿದರು. "ನೋಡಿ ಸಾರ್," ಎಂದರು, "ಬೆಚ್ಚಗಿದೆ ಅಂತ ಇನ್ನೊಂದ್ಸಲ ನಿಮ್ಮ ಬಾಯಿಂದ ಕೇಳೋಣ ಅಂತಾನೇ ಬಂದಿದ್ದು."