ಗೋಡೆಗೆ ಅಂಟಿದ ನವಣೆ ಗಂಜಿ

ತನ್ನ ಬರಹ ಯಾರದೋ ಮನೆಯ ಗೋಡೆಯ ಮೇಲೆ ಕಂಡರೆ ಬರೆದವನಿಗೆ ಖುಷಿಯಾಗಬೇಕು. ಮೊನ್ನೆ ನನಗೆ ಅದನ್ನು ಕಿತ್ತೆಸೆಯಬೇಕು ಅನ್ನಿಸಿತು.

ಮೊಳಕಾಲ್ಮುರಿನಲ್ಲಿ ನನ್ನ ಅಕ್ಕನ ಮಗಳು ಸುಜಾತಳ ಗಂಡನ ಮನೆ. ಮಗ್ಗದ ಮನೆ. ಒಲೆಯ ಪಕ್ಕದ ಗೋಡೆಗೆ ಪೇಪರಿನಿಂದ ಕತ್ತರಿಸಿದ ಇದೇ ಅಂಕಣದ ಒಂದು ತುಂಡು ಅಂಟಿಸಿದ್ದಾರೆ. ಎರಡು ಸಾಲಿನ ಕೆಳಗೆ ಪೆನ್ನಿನ ಗೆರೆ: ‘ಬರೀ ನವಣೆ ಗಂಜಿ ಕುಡಿದು ಬೆಳೆದವನು ನಾನು. ನಮಗೆ ಯಾವ ಪ್ರೋಟೀನ್ ಡಬ್ಬಿ ಬೇಕಿತ್ತು?’

(ಡಬ್ಬಿ ಮಾರುವವರನ್ನು ಗೇಲಿ ಮಾಡಿದ್ದೆ. ನೀವೂ ನಕ್ಕಿದ್ದಿರಿ.)

ಅದರ ಕೆಳಗೆ, ಚಾಪೆಯ ಮೇಲೆ, ಸುಜಾತಳ ಹತ್ತು ತಿಂಗಳ ಮಗ. ನನ್ನ ಕನ್ನಡಕ ಕಂಡರೆ ಕಿತ್ತುಕೊಳ್ಳುತ್ತಿದ್ದವನು ಈಗ ನಾನೇ ಬಗ್ಗಿದರೂ ಕೈ ಎತ್ತಲಿಲ್ಲ. ಎರಡು ತಿಂಗಳಿಂದ ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರಿಲ್ಲ. ಕಾಯಿಲೆ ಏನೂ ಕಾಣುತ್ತಿಲ್ಲ, ಗಂಜಿಗೆ ಬೇಳೆ ಸೇರಿಸಿ, ಮೊಟ್ಟೆ ಕೊಡಿ, ಮತ್ತೆ ಕರೆತನ್ನಿ ಎಂದಿದ್ದಾರೆ ಡಾಕ್ಟರ್. ಯಾವುದನ್ನೂ ಕೊಟ್ಟಿಲ್ಲ.

“ಬಿಸಿಲು ನೋಡೀರಾ ಬೀಗರೇ? ಕಾಳು, ಮೊಟ್ಟೆ ಎಲ್ಲಾ ಉಷ್ಣ. ಕೂಸಿಗೆ ತಡೀತೈತಾ?” ಸುಜಾತಳ ಅತ್ತೆ ತಿಪ್ಪಮ್ಮ ಗೋಡೆ ತೋರಿಸಿದರು. “ನೀವೇ ಬರ್ದೀರಲ್ಲ, ನವಣೆ ಒಂದೇ ಸಾಕು ಅಂತ.”

“ಅದು ತಮಾಷೆಗೆ ಬರ್ದಿದ್ದು.”

“ಕೂಸಿನ ಊಟದಾಗೆ ತಮಾಷೆ ಮಾಡ್ತಾರೇನ್ರಿ?”

ನವಣೆ ಹಿಟ್ಟಿನ ಪ್ಯಾಕೆಟ್ ತಂದು ಮುಂದಿಟ್ಟರು. ಪ್ರೋಟೀನ್ ಇಷ್ಟು ಗ್ರಾಂ, ದಪ್ಪಕ್ಷರದಲ್ಲಿ. “ಅಕ್ಕಿಗಿಂತ ಜಾಸ್ತಿ ಐತೆ.”

ಸುಳ್ಳಲ್ಲ. ಆದರೆ ಆ ಅಂಕಿ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ಎಂಥದ್ದು ಎಂದು ಹೇಳುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಯೂನಿವರ್ಸಿಟಿಯ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ನಾವು ಅಳೆಯುತ್ತಿದ್ದದ್ದು ನೈಟ್ರೋಜನ್. ಅದನ್ನು ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಿದ್ದೆವು. ಮೈ ಕಟ್ಟಲು ಬೇಕೇಬೇಕಾದ ಲೈಸಿನ್ ಎಂಬ ಒಂದು ಭಾಗ ನವಣೆಯಲ್ಲಿ ತೀರಾ ಕಡಿಮೆ. ಅಕ್ಕಿ, ಜೋಳ, ಗೋಧಿಗೂ ಅದೇ ಕೊರತೆ, ಹೆಚ್ಚು ಕಡಿಮೆ ಅಷ್ಟೇ. ಬೇಳೆಕಾಳಿನಲ್ಲಿ ಅದು ಧಾರಾಳ.

ಇದನ್ನು ಹೇಗೆ ಹೇಳುವುದು? ಮಗ್ಗ ನಿಂತಿತ್ತು. ಸೀರೆಯ ಮೇಲೆ ನೇಯುವ ಹೂವಿಗೆ, ಬುಟ್ಟಾಕ್ಕೆ, ಬೇಕಾದ ಕೆಂಪು ರೇಷ್ಮೆ ಮುಗಿದಿತ್ತು.

“ಹಸಿರು ರಾಶಿ ಐತಲ್ಲಪ್ಪ, ನೇಯಿ,” ಎಂದೆ ಸುಜಾತಳ ಗಂಡನಿಗೆ.

“ಕೆಂಪಿಲ್ದೆ ಬುಟ್ಟಾ ಎಲ್ಲಿಂದ ಬರ್ತೈತೆ ಮಾಮ?”

“ನಿನ್ನ ಮಗನ ಮೈಯೂ ಹಂಗೇ ನಿಂತೈತೆ.”

ಅವನು ಮಗನನ್ನು ನೋಡಿದ. ತಿಪ್ಪಮ್ಮ ನನ್ನನ್ನು ನೋಡಿದರು. “ಹಂಗಾದ್ರೆ ನೀವು ಹೆಂಗೆ ಬೆಳೆದ್ರಿ?”

ನಮ್ಮೂರು ದೊಡ್ಡಉಳ್ಳಾರ್ತಿಯ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. “ಅವ್ವ, ನಂಗೆ ಬರೀ ನವಣೆ ಗಂಜಿನೇನಾ ಕುಡಿಸಿದ್ದು?”

“ಯಾರು ಹೇಳಿದ್ದಲೇ? ಬೇಳೆಕಟ್ಟು ಹಾಕ್ತಿದ್ದೆ, ಮೇಕೆ ಹಾಲು ಹಾಕ್ತಿದ್ದೆ.”

ಹಿಂದಿನಿಂದ ಅಕ್ಕನ ದನಿ: “ಎಲ್ಲಿ ಮೇಕೆ ಅವ್ವ? ಇವನು ಹುಟ್ಟೋಕೆ ಮುಂಚೆನೇ ಮಾರಿದ್ವಲ್ಲ.”

“ನಿಂಗೇನು ಗೊತ್ತೇ? ನೀನಿನ್ನೂ ಲಂಗ ಹಾಕ್ತಿದ್ದೆ.”

ಜಗಳ ಮುಗಿಯಲಿಲ್ಲ, ಫೋನ್ ಕಟ್ಟಾಯಿತು. ನನಗೆ ನೆನಪಿರುವುದು ಒಂದು ತಟ್ಟೆ, ಗಂಜಿಯ ವಾಸನೆ. ಅದೂ ನಿಜವೋ, ಯಾರೋ ಹೇಳಿದ್ದೋ? ಮಗುವಾಗಿದ್ದಾಗ ಏನು ತಿಂದೆ ಎಂದು ಯಾರಿಗೆ ನೆನಪಿರುತ್ತದೆ? ಎಲ್ಲರ ಹೇಳಿಕೆಗೂ ಪುರಾವೆ ಕೇಳುವ ನಾನು, ಅದನ್ನು ಅಚ್ಚು ಹಾಕಿಸಿದ್ದೆ.

“ನಿಮ್ಮ ಮನೆಯವ್ರೇ ಒಬ್ರ ಮಾತು ಒಬ್ರು ಒಪ್ಪಲಿಲ್ಲ,” ಎಂದರು ತಿಪ್ಪಮ್ಮ. “ಬಾಯಿಮಾತು ಬ್ಯಾಡ. ಪೇಪರ್‌ನಾಗೆ ಬರ್ಲಿ, ನೋಡಾನ.”

ಬಾಗಿಲವರೆಗೆ ಬಂದ ಸುಜಾತ, ಹೆಗಲ ಮೇಲೆ ಒರಗಿದ್ದ ಮಗುವಿನ ಬೆನ್ನು ತಟ್ಟುತ್ತ, ಮೆಲ್ಲಗೆ ಅಂದಳು: “ಬೇಗ ಬರೀರಿ ಮಾಮ.”

ಬರೆದಿದ್ದೇನೆ. ನಾನು ಏನು ತಿಂದು ಬೆಳೆದೆನೋ ನನಗೆ ಗೊತ್ತಿಲ್ಲ. ಆ ಕೂಸಿಗೆ ನವಣೆ ಒಂದೇ ಸಾಲದು ಎಂಬುದು ಗೊತ್ತು.

ತಿಪ್ಪಮ್ಮನವರೇ, ಪೇಪರಿನಲ್ಲಿ ಬಂತು. ಗೋಡೆಯ ಮೇಲಿನ ಹಳೆಯದನ್ನು ಆಮೇಲೆ ನಿಧಾನಕ್ಕೆ ಕೀಳಿ. ಮೊದಲು ಹೇಳಿ, ಇವತ್ತಿನ ಗಂಜಿಗೆ ಬೇಳೆ ಹಾಕಿದಿರಾ?